ಬಿಳಿಗಿರಿಯ ಕಾಡು ಯಾರಿಗಾಗಿ?

ಬಿಳಿಗಿರಿರಂಗನ ಬೆಟ್ಟದ ಕಾಡು ಸಾರ್ವಜನಿಕರ ಸ್ವತ್ತು. ಅದನ್ನು ಕಾಯುವ ಖರ್ಚು ಸರಕಾರದ ಬೊಕ್ಕಸದ್ದು. ಆ ಬೊಕ್ಕಸವನ್ನು ತುಂಬುವವರಲ್ಲಿ ಸೋಪು, ಬಟ್ಟೆ ಕೊಂಡಾಗಲೆಲ್ಲ ತೆರಿಗೆ ತೆರುವ ಗಿರಣಿ ಕೆಲಸಗಾರನೂ ಇದ್ದಾನೆ, ಸಣ್ಣ ಅಂಗಡಿಕಾರನೂ ಇದ್ದಾನೆ. ಆದ್ದರಿಂದ ಆ ಕಾಡು ಹೇಗಿದೆ, ಅದರ ಸುಖ ಯಾರಿಗೆ ಸಲ್ಲುತ್ತಿದೆ ಎಂದು ಕೇಳುವ ಹಕ್ಕು ನಮಗೆ ಉಂಟು.

1974ರಲ್ಲಿ ಅದು ವನ್ಯಧಾಮವಾಯಿತು. 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರು. ಹೆಸರು ದೊಡ್ಡದಾಯಿತು, ಒಳಗೆ ಮಾತ್ರ ಲಂಟಾನ ಬೆಳೆಯಿತು. ಇಂಗ್ಲಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ಹೊರದೇಶದಿಂದ ಬಂದ ಈ ಗಿಡದ ಹಣ್ಣನ್ನು ಹಕ್ಕಿ ತಿಂದು ಬೀಜ ಹರಡುತ್ತದೆ. ಅದರ ಪೊದೆಯಡಿ ಹುಲ್ಲು ಏಳದು. ಹುಲ್ಲಿಲ್ಲದೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಅವು ಕಡಿಮೆಯಾದರೆ ಹುಲಿಗೆ ಆಹಾರವಿಲ್ಲ. ಮೇವು ಸಾಲದ ಆನೆ ರೈತನ ಜೋಳದ ಹೊಲಕ್ಕೆ ಇಳಿದರೆ ತಪ್ಪು ಯಾರದು?

ಹಿಂದೆ ಸೋಲಿಗರು ಬೇಸಗೆ ಬಲಿಯುವ ಮುನ್ನ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಕಾನೂನು ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹಬ್ಬಿತೆಂಬುದು ಅವರ ಹಿರಿಯರ ಮಾತು. ಈಗ ಪೊದೆ ದಟ್ಟವಾಗಿರುವ ಕಡೆ ಬೆಂಕಿಯಿಟ್ಟರೆ ಜ್ವಾಲೆ ಮರದ ತುದಿಗೇರುತ್ತದೆ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಬುಡಸಹಿತ ಕಿತ್ತು, ನಾಡಹುಲ್ಲು ಬಿತ್ತಿ, ಎರಡು ಮೂರು ವರ್ಷ ಮರಿಗಿಡ ಕೀಳುತ್ತಿರಬೇಕು. ಇದು ದುಡಿಯುವ ಕೈಗಳ ಕೆಲಸ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆತಿದೆ. ಕೆಲಸ ಅವುಗಳ ಮೂಲಕ, ನ್ಯಾಯವಾದ ಕೂಲಿಗೆ ನಡೆಯಬೇಕು. ಗುತ್ತಿಗೆದಾರನ ಜೇಬಿಗೆ ಹೋಗಬಾರದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ನಮ್ಮ ಸಣ್ಣ ವರ್ತಕರು ಆ ಸರಕನ್ನು ಅಂಗಡಿಯಲ್ಲಿ ಇಟ್ಟಾರು.

ಇನ್ನು ನೋಡುವವರ ಮಾತು. ಕ್ಯಾತದೇವರ ಗುಡಿಯಲ್ಲಿ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಬಿಡಾರವಿತ್ತು. ಇಂದು ಸರಕಾರಿ ಸಂಸ್ಥೆಯ ವಸತಿಗೃಹವಿದೆ. ಅಲ್ಲಿ ಒಂದು ರಾತ್ರಿ ತಂಗಿದರೆ ಕೆಲಸಗಾರನ ಹಲವು ದಿನಗಳ ಕೂಲಿ ಕರಗುತ್ತದೆ. ಅರಸೊತ್ತಿಗೆ ಹೋಯಿತು, ಕಾಡಿನ ಸುಖ ಹಣವಂತರ ಪಾಲಾಯಿತು.

ಜನಸಾಮಾನ್ಯರನ್ನು ಬಿಟ್ಟರೆ ಕಾಡು ಕೆಡುತ್ತದೆಂದು ಕೆಲವರು ಹೇಳುತ್ತಾರೆ. ಹಾಗಾದರೆ ಜೀಪಿನಲ್ಲಿ ಬಂದವರಿಂದ ಕೆಡುವುದಿಲ್ಲವೇ? ನಾವು ಹೊಸ ರಸ್ತೆ ಕೇಳುತ್ತಿಲ್ಲ, ಹುಲಿಯ ಮನೆಗೆ ಜಾತ್ರೆ ನುಗ್ಗಲಿ ಎನ್ನುತ್ತಿಲ್ಲ. ಇರುವ ದಾರಿಯಲ್ಲೇ ಹಲವು ಜೀಪುಗಳ ಬದಲು ಒಂದು ಬಸ್ಸು ಓಡಲಿ; ವಾರದ ರಜೆಯಂದು ಅದರ ದರ ಕೆಲಸಗಾರನ ಕೈಗೆಟುಕಲಿ; ದಾರಿ ತೋರಿಸಿ ತಿಳಿಹೇಳುವ ಕೆಲಸ ಸೋಲಿಗ ಯುವಕ ಯುವತಿಯರಿಗೆ ಸಿಗಲಿ; ಪ್ಲಾಸ್ಟಿಕ್ ಎಸೆದವನು ಬಡವನಾಗಲಿ ಬಲ್ಲಿದನಾಗಲಿ ದಂಡ ತೆರಲಿ.

ಗಿರಣಿ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಗಳನ್ನು ತಮ್ಮ ಸಭೆಗಳಲ್ಲಿ ಠರಾವು ಮಾಡಿ ಶಾಸಕರಿಗೆ ಮುಟ್ಟಿಸಬೇಕು. ತನ್ನ ಮಕ್ಕಳು ಕಣ್ಣಾರೆ ಕಂಡ ಕಾಡನ್ನು ಉಳಿಸಲು ಕೆಲಸಗಾರ ತಾನಾಗಿ ಮುಂದೆ ಬರುತ್ತಾನೆ. ಬೇಲಿಯಾಚೆ ನಿಲ್ಲಿಸಿದವನಿಂದ ಅದನ್ನು ಯಾವ ಬಾಯಲ್ಲಿ ಕೇಳೋಣ?