ದುಃಖಕ್ಕೊಂದು ಕಿವಿ ಬೇಕು

ಮಕ್ಕಳೇ, ಆಟವಾಡುವಾಗ ಬಿದ್ದು ಮೊಣಕಾಲಿಗೆ ಗಾಯವಾದರೆ ನೀವು ಏನು ಮಾಡುತ್ತೀರಿ? ಮನೆಯವರಿಗೋ ಅಧ್ಯಾಪಕರಿಗೋ ತೋರಿಸುತ್ತೀರಿ. ಅವರು ಗಾಯವನ್ನು ತೊಳೆದು ಮದ್ದು ಹಚ್ಚುತ್ತಾರೆ. ಗಾಯ ದೊಡ್ಡದಾಗಿದ್ದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆದರೆ ಮನಸ್ಸಿಗೆ ಗಾಯವಾದರೆ? ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹೆಚ್ಚಿನವರು ಅದನ್ನು ಯಾರಿಗೂ ತೋರಿಸುವುದಿಲ್ಲ. ಪ್ರೀತಿಪಾತ್ರರನ್ನು ಕಳೆದುಕೊಂಡಾಗ ಆಗುವ ದುಃಖವು ಇಂತಹ ಒಂದು ಗಾಯ. ಅದಕ್ಕೂ ಆರೈಕೆ ಬೇಕು.

2024ರ ಜುಲೈ 30ರ ನಸುಕಿನಲ್ಲಿ ನಮ್ಮ ರಾಜ್ಯದ ವಯನಾಡು ಜಿಲ್ಲೆಯಲ್ಲಿ ಗುಡ್ಡ ಕುಸಿಯಿತು. ಮುಂಡಕೈ ಮತ್ತು ಚೂರಲ್‌ಮಲ ಎಂಬ ಊರುಗಳು ಮಣ್ಣು, ಬಂಡೆ, ನೀರಿನಡಿ ಸಿಕ್ಕಿಕೊಂಡವು. 250ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಚಾಮರಾಜನಗರದ ಕಡೆಯಿಂದ ಬಂದು ಚಹಾ ತೋಟದಲ್ಲಿ ದುಡಿಯುತ್ತಿದ್ದ ಕನ್ನಡಿಗರೂ ಅವರಲ್ಲಿದ್ದರು. ಬದುಕುಳಿದ ಮಕ್ಕಳಲ್ಲಿ ಕೆಲವರಿಗೆ ಮನೆ ಇರಲಿಲ್ಲ, ಕೆಲವರಿಗೆ ಹೆತ್ತವರಿರಲಿಲ್ಲ, ಕೆಲವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯರಿರಲಿಲ್ಲ. ಪರಿಹಾರ ಶಿಬಿರಗಳಿಗೆ ಅಕ್ಕಿ, ಬಟ್ಟೆ, ಔಷಧಿಗಳು ಬಂದವು. ಅವುಗಳ ಜೊತೆಗೆ ಆಪ್ತಸಮಾಲೋಚಕರೂ ಬಂದರು. ಒಂದು ತಿಂಗಳ ಬಳಿಕ, ಸೆಪ್ಟೆಂಬರ್ 2ರಂದು, ಆ ಊರುಗಳ ಮಕ್ಕಳು ಮೇಪ್ಪಾಡಿಯಲ್ಲಿ ಮತ್ತೆ ಶಾಲೆಗೆ ಸೇರಿದರು.

ಆಪ್ತಸಮಾಲೋಚಕರು ಎಂದರೆ ಯಾರು? ಮನಸ್ಸಿನ ನೋವನ್ನು ಕೇಳಿ ತಿಳಿದುಕೊಳ್ಳಲು ತರಬೇತಿ ಪಡೆದವರು. ಅವರು ಉಪದೇಶ ಮಾಡುವುದಿಲ್ಲ, ಅವಸರ ಪಡಿಸುವುದಿಲ್ಲ. ಹೆಚ್ಚಾಗಿ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಮಾತು ಬಾರದಿದ್ದರೆ ಚಿತ್ರ ಬಿಡಿಸಲು, ಆಟವಾಡಲು ಹೇಳುತ್ತಾರೆ. ಬಾಯಿ ಹೇಳದ್ದನ್ನು ಕೆಲವೊಮ್ಮೆ ಬಣ್ಣಗಳು ಹೇಳುತ್ತವೆ. ನೀವು ಹೇಳಿದ್ದನ್ನು ಅವರು ಊರಿಡೀ ಸಾರುವುದಿಲ್ಲ. ನಿಮಗೆ ಅಪಾಯವಿದೆ ಎಂದು ಕಂಡರೆ ಮಾತ್ರ ನಿಮ್ಮನ್ನು ಕಾಪಾಡಬಲ್ಲವರಿಗೆ ತಿಳಿಸುತ್ತಾರೆ.

ದುಃಖ ಎಲ್ಲರಲ್ಲಿಯೂ ಕಣ್ಣೀರಾಗಿಯೇ ಬರುವುದಿಲ್ಲ. ಒಬ್ಬರಿಗೆ ನಿದ್ರೆ ಬಾರದು. ಇನ್ನೊಬ್ಬರಿಗೆ ಊಟ ಸೇರದು. ಮತ್ತೊಬ್ಬರಿಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಪ್ರವಾಹ, ಭೂಕುಸಿತ ಕಂಡವರು ಮಳೆಯ ಸದ್ದಿಗೆ ಬೆಚ್ಚುವುದುಂಟು. “ಅಂದು ನಾನು ಹಟ ಮಾಡಿದ್ದರಿಂದಲೇ ಅಜ್ಜ ತೀರಿಕೊಂಡರು” ಎಂದು ತಪ್ಪನ್ನು ತನ್ನ ಮೇಲೆಯೇ ಹೊರಿಸಿಕೊಳ್ಳುವ ಮಗುವೂ ಇದೆ. ಹಾಗೆ ಹೊರಿಸಿಕೊಂಡ ಭಾರವನ್ನು ಇಳಿಸಲು ತಿಳಿದವರ ಮಾತು ಬೇಕು. “ಇದು ನಿನ್ನ ತಪ್ಪಲ್ಲ” ಎಂದು ಸರಿಯಾದ ಸಮಯದಲ್ಲಿ ಕೇಳಿದರೆ ಮನಸ್ಸು ಎಷ್ಟೋ ಹಗುರಾಗುತ್ತದೆ.

“ಹಿಂದಿನ ಕಾಲದಲ್ಲಿ ಸಮಾಲೋಚಕರು ಇದ್ದರೇ? ಕಾಲವೇ ಎಲ್ಲವನ್ನೂ ಮರೆಸುತ್ತದೆ” ಎಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿಯೂ ಸತ್ಯವಿದೆ. ಸಾವಿನ ಮನೆಗೆ ನೆರೆಯವರು ಗಂಜಿ ತರುತ್ತಾರೆ, ಬಂಧುಗಳು ಬಂದು ಜೊತೆಗಿರುತ್ತಾರೆ. ಇದು ತುಂಬಾ ಒಳ್ಳೆಯ ಪದ್ಧತಿ. ಆದರೆ ಕೆಲವು ದಿನಗಳ ನಂತರ ಬಂದವರು ತಮ್ಮ ಮನೆಗೆ ಹೊರಡುತ್ತಾರೆ. ದುಃಖ ಮಾತ್ರ ಹೊರಡುವುದಿಲ್ಲ. ಆಗ ಮಗು ಏನು ಮಾಡುತ್ತದೆ? “ನಾನು ಅತ್ತರೆ ಅಮ್ಮನೂ ಅಳುತ್ತಾಳೆ” ಎಂದು ತನ್ನ ಅಳುವನ್ನು ನುಂಗಿಕೊಳ್ಳುತ್ತದೆ. ಅಮ್ಮನೂ ಮಗುವಿಗಾಗಿ ಹಾಗೆಯೇ ನುಂಗಿಕೊಳ್ಳುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗುತ್ತಾರೆ. ಅಂತಹ ಹೊತ್ತಿನಲ್ಲಿ ಮನೆಯ ಹೊರಗಿನ ಒಬ್ಬರು ಬೇಕು. ಅವರೆದುರು ಅತ್ತರೆ ಯಾರಿಗೂ ನೋವಾಗದು. ಸಮಾಲೋಚಕರು ತೀರಿಹೋದವರನ್ನು ಮರಳಿ ತರಲಾರರು, ಅವರನ್ನು ಮರೆಯಲು ಹೇಳುವುದೂ ಇಲ್ಲ. ಅವರನ್ನು ನೆನಪಿಟ್ಟುಕೊಂಡೇ ಉಣ್ಣಲು, ಕಲಿಯಲು, ನಗಲು ಮತ್ತೆ ಸಾಧ್ಯವಿದೆ ಎಂದು ತೋರಿಸಿಕೊಡುತ್ತಾರೆ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಾಸರಗೋಡಿನಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಹೀಗೆ ಹಲವು ಭಾಷೆಗಳನ್ನಾಡುವ ಮನೆಗಳಿವೆ. ಲೆಕ್ಕವನ್ನು ಯಾವ ಭಾಷೆಯಲ್ಲಾದರೂ ಕಲಿಯಬಹುದು. ಆದರೆ ಅಳು ಬರುವುದು ಮನೆಮಾತಿನಲ್ಲಿ. ಕಲಿತ ಭಾಷೆಯಲ್ಲಿ ದುಃಖವನ್ನು ಹೇಳಲು ಹೊರಟರೆ ಪದಗಳನ್ನು ಹುಡುಕುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಆದ್ದರಿಂದ ಪ್ರತಿಯೊಂದು ಶಾಲೆಗೂ ಸಮಾಲೋಚಕರ ಸೇವೆ ಸಿಗಬೇಕು, ಅವರಿಗೆ ಅಲ್ಲಿನ ಮಕ್ಕಳ ಭಾಷೆ ತಿಳಿದಿರಬೇಕು.

ಫೋನಿನ ಮೂಲಕವೂ ಇಂತಹ ಸಹಾಯ ದೊರೆಯುತ್ತದೆ. ಟೆಲಿ ಮಾನಸ್ ಎಂಬ ಸೇವೆಯನ್ನು ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿತು. ಅದರ ಸಂಖ್ಯೆ 14416. ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ವಾರಗಳು ಕಳೆದರೂ ಊಟ ನಿದ್ರೆ ಸರಿಹೋಗದಿದ್ದರೆ, ಶಾಲೆಗೆ ಹೋಗಲು ಮನಸ್ಸಾಗದಿದ್ದರೆ ನಂಬಿಕೆಯ ಹಿರಿಯರಿಗೆ ಹೇಳಿರಿ. ಬದುಕುವುದೇ ಬೇಡ ಎನಿಸಿದರೆ ಒಂದು ಗಳಿಗೆಯೂ ಕಾಯದೆ ಹೇಳಿರಿ. ಸಹಾಯ ಕೇಳುವುದು ಹೇಡಿತನವಲ್ಲ, ಜಾಣತನ.

ನಿಮ್ಮ ತರಗತಿಯಲ್ಲಿಯೂ ದುಃಖದಲ್ಲಿರುವ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. “ಅಳಬೇಡ, ಎಲ್ಲ ಮರೆತುಬಿಡು” ಎನ್ನಬೇಡಿ. ಹತ್ತಿರ ಕುಳಿತುಕೊಳ್ಳಿ. ಮಾತನಾಡಿದರೆ ಕೇಳಿಸಿಕೊಳ್ಳಿ, ಮಾತನಾಡದಿದ್ದರೆ ಸುಮ್ಮನೆ ಜೊತೆಗಿರಿ. ಆಟಕ್ಕೆ ಕರೆಯುವುದನ್ನು ಮರೆಯಬೇಡಿ. ಭಾರ ಹೆಚ್ಚೆನಿಸಿದರೆ ಅಧ್ಯಾಪಕರಿಗೆ ತಿಳಿಸಿರಿ.

ಯೋಚಿಸಿ, ಹೇಳಿ:
1. ತಾಯಿ ಮತ್ತು ಮಗು ಒಂದೇ ಮನೆಯಲ್ಲಿದ್ದರೂ ಒಂಟಿಯಾಗುವುದು ಹೇಗೆ?
2. “ಅಳು ಬರುವುದು ಮನೆಮಾತಿನಲ್ಲಿ” ಎಂಬ ಮಾತನ್ನು ನೀವು ಒಪ್ಪುತ್ತೀರಾ? ಏಕೆ?
3. ದುಃಖದಲ್ಲಿರುವ ಸಹಪಾಠಿಗೆ ನೀವು ಹೇಗೆ ನೆರವಾಗುವಿರಿ? ಗುಂಪಿನಲ್ಲಿ ಚರ್ಚಿಸಿರಿ.