ಕಸುಬು ನಮ್ಮದು, ಸರ್ಟಿಫಿಕೇಟು ಯಾರದು?

ಚರ್ಮ ಹದ ಮಾಡಿದವರು ನಾವು. ಊರಿನ ಕಾಲಿಗೆಲ್ಲ ಮೆಟ್ಟು ಹೊಲಿದವರು, ಕಪಿಲೆಗೆ ಬಾನಿ ಹೊಲಿದುಕೊಟ್ಟವರು ನಾವು. ಅಪ್ಪನ ಪಕ್ಕ ಕೂತು ಮಗ ಕಲಿತ. ಕಲಿಯುವಾಗ ಕೂಲಿ ಇಲ್ಲ, ಕಲಿತದ್ದಕ್ಕೆ ಕಾಗದ ಇಲ್ಲ, ಬೇಡ ಅಂತ ಬಿಟ್ಟುಹೋಗುವ ಹಕ್ಕೂ ಇಲ್ಲ. ಇದನ್ನು ಅವರು ಕುಲಕಸುಬು ಅಂದರು. ನಾವು ಬಿಟ್ಟಿ ಚಾಕರಿ ಅಂತೀವಿ.

ಈಗ ಅದೇ ಜನ ಬಂದು, "ಎಲ್ಲರೂ ಓದಿ ಆಫೀಸರಾದ್ರೆ ಕೈಕೆಲಸ ಮಾಡೋರು ಯಾರು?" ಅಂತಾರೆ. ಅವರ ಮಗನಿಗೆ ಇಂಜಿನಿಯರಿಂಗ್ ಸೀಟು, ನಮ್ಮ ಮಗನಿಗೆ ಕೈಕೆಲಸದ ಉಪದೇಶ! ಕಾಲೇಜಿನ ಒಂದು ಸೀಟನ್ನೂ ನಾವು ಬಿಟ್ಟುಕೊಡೋದಿಲ್ಲ. ಆದರೆ ಕೈಕೆಲಸ ಅಂದಕೂಡಲೇ ಮೂಗು ಮುರಿಯುವ ನಮ್ಮ ಹುಡುಗರಿಗೂ ಒಂದು ಮಾತು. ಫಿಟ್ಟರು, ಟರ್ನರು, ಎಲೆಕ್ಟ್ರಿಷಿಯನ್ನು ಆಗೋದಕ್ಕೆ ಯಾವ ಕುಲದಲ್ಲೂ ಹುಟ್ಟಬೇಕಾಗಿಲ್ಲ. ಬಾಬಾಸಾಹೇಬರು 1942ರಲ್ಲೇ ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ, ಸರ್ಕಾರಿ ಮುದ್ರಣಾಲಯ ಮತ್ತು ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಮಕ್ಕಳನ್ನು ಅಪ್ರೆಂಟಿಸ್ ಮಾಡಿಕೊಳ್ಳಿ ಎಂದು ಕೇಳಿದರು. ಅದೇ ಮನವಿಯಲ್ಲಿ ಉನ್ನತ ವಿದ್ಯೆಗೆ ಹಣವನ್ನೂ ಕೇಳಿದರು. ಎರಡೂ ಬೇಕು.

ಕಾನೂನು ಏನು ಹೇಳುತ್ತೆ? 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ 3-ಎ ಕಲಮು ಸೇರಿತು. ನಿಗದಿಯಾದ ಕಸುಬುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿ ಸ್ಥಾನ ಮೀಸಲು. ಸರ್ಕಾರಿ ಕಾರ್ಖಾನೆಗೆ ಮಾತ್ರವಲ್ಲ, ಖಾಸಗಿ ಧಣಿಗೂ ಇದು ಅನ್ವಯ. ಖಾಸಗಿ ನೌಕರಿಯಲ್ಲಿ ನಮಗೆ ಮೀಸಲಾತಿ ಇಲ್ಲ. ಆದರೆ ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಈ ಒಂದು ಬಾಗಿಲು ಇದೆ! 2019ರ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಕಡೆ ನೂರಕ್ಕೆ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಸ್ಟೈಪೆಂಡು ಎಂದೂ ಆಗ ಗೊತ್ತುಮಾಡಿದರು. ಬರವಣಿಗೆಯ ಕರಾರು ಇರುತ್ತೆ. ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲಾ ನಡೆಯುವ ಸರ್ಟಿಫಿಕೇಟು. ಉಳಿದದ್ದು ಸಮ ಇದ್ದರೆ ತರಬೇತಾದ ಅಪ್ರೆಂಟಿಸ್‌ಗೇ ಆದ್ಯತೆ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಪ್ಪನಿಗೆ ಸಿಗದ ಕೂಲಿ, ಕಾಗದ ಎರಡೂ ಇಲ್ಲಿವೆ.

ಆದರೆ ಕಾಯ್ದೆಯಲ್ಲಿ ತೂತುಗಳೂ ಇವೆ. ಅಪ್ರೆಂಟಿಸ್ ಕಾರ್ಮಿಕನಲ್ಲ ಅನ್ನುತ್ತೆ 18ನೇ ಕಲಮು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದಿಲ್ಲ. ಧಣಿಗಿದ್ದ ಜೈಲು ಶಿಕ್ಷೆಯನ್ನು 2014ರ ತಿದ್ದುಪಡಿ ತೆಗೆದುಹಾಕಿತು. ಸ್ಥಾನ ಖಾಲಿ ಬಿಟ್ಟರೆ, ಒಂದೊಂದು ಸ್ಥಾನಕ್ಕೆ ಮೊದಲ 3 ತಿಂಗಳು ತಿಂಗಳಿಗೆ 500 ರೂಪಾಯಿ ದಂಡ, ಆಮೇಲೆ 1,000. ಸ್ಟೈಪೆಂಡು ಕೊಡೋದಕ್ಕಿಂತ ದಂಡ ಕಟ್ಟೋದೇ ಅಗ್ಗ! ಇದು ಕಾನೂನೋ, ಧಣಿಗೆ ಕೊಟ್ಟ ರಿಯಾಯಿತಿಯೋ?

ಆದ್ದರಿಂದ ಬಂಧುಗಳೇ, ಕೇರಿಯ ಹುಡುಗರೂ ಹುಡುಗಿಯರೂ ಅರ್ಜಿ ಹಾಕಲಿ. ಕರಾರು ನೋಂದಣಿ ಆಗಿದೆಯೇ ನೋಡಿ ಸಹಿ ಮಾಡಲಿ. ಸಂಘಟನೆ ಗೇಟಿನ ಮುಂದೆ ನಿಂತು ಮೂರು ಪ್ರಶ್ನೆ ಕೇಳಲಿ. ಇಲ್ಲಿ ಅಪ್ರೆಂಟಿಸ್‌ಗಳು ಎಷ್ಟು? ಅದರಲ್ಲಿ ನಮ್ಮವರೆಷ್ಟು? ನಮ್ಮವರ ಕೈಗೆ ಕೊಟ್ಟಿರೋದು ಲೇತೋ, ಪೊರಕೆಯೋ?

ಪೊರಕೆ ಹಿಡಿಯೋದನ್ನ ನಮಗೆ ಸಾವಿರಾರು ವರ್ಷ ಕಲಿಸಿದ್ದೀರಿ. ಸಾಕು. ಲೇತು ಕಲಿಸಿ, ಸ್ಟೈಪೆಂಡು ಕೊಡಿ, ಸರ್ಟಿಫಿಕೇಟು ಕೊಡಿ.

ಜೈ ಭೀಮ್!