ಅವರಿಗೂ ಒಂದು ಪಾತ್ರ ಬೇಕು

ದ್ವಿತೀಯ ಪಿಯುಸಿ ಇಂಗ್ಲಿಷ್ ಪಠ್ಯದಲ್ಲಿ ನಾವು ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಒಂದು ಭಾಗ ಓದುತ್ತೇವೆ. ಅದೇ ನಾಟಕವನ್ನು 2015ರಲ್ಲಿ ಯುದ್ಧದಿಂದ ನಲುಗಿದ ಸಿರಿಯಾದ ಮಕ್ಕಳು ಆಡಿದರು. ಅದರ ಬಗ್ಗೆ ತಿಳಿದ ಮೇಲೆ ನನಗೆ ಅನಿಸಿದ್ದು ಇದು: ನಿರಾಶ್ರಿತ ಮಕ್ಕಳಿಗೆ, ಅದರಲ್ಲೂ ವಿಕಲಚೇತನ ಮಕ್ಕಳಿಗೆ, ಊಟ ಔಷಧಿಯ ಜೊತೆಗೆ ನಾಟಕವೂ ಬೇಕು.

ಆ ನಾಟಕ ಮಾಡಿಸಿದವರು ಸಿರಿಯಾದ ನಟ, ನಿರ್ದೇಶಕ ನವಾರ್ ಬುಲ್ಬುಲ್. 2014ರಲ್ಲಿ ಅವರು ಜೋರ್ಡಾನ್ ದೇಶದ ಝಾತರಿ ನಿರಾಶ್ರಿತರ ಶಿಬಿರದಲ್ಲಿ ಸುಮಾರು 100 ಮಕ್ಕಳಿಂದ ‘ಕಿಂಗ್ ಲಿಯರ್’ ಆಡಿಸಿದ್ದರು. ಮರುವರ್ಷ ರಾಜಧಾನಿ ಅಮ್ಮಾನ್‌ನಲ್ಲಿ, ಗಾಯಾಳುಗಳು ಚಿಕಿತ್ಸೆಗಾಗಿ ಉಳಿದಿದ್ದ ಒಂದು ಮನೆಯ ಮಕ್ಕಳನ್ನು ಸೇರಿಸಿಕೊಂಡರು. ಯುದ್ಧದಲ್ಲಿ ಕಾಲಿಗೆ ತೀವ್ರ ಗಾಯವಾಗಿದ್ದ ಹುಡುಗನೇ ರೋಮಿಯೊ. ಜೂಲಿಯೆಟ್ ಇದ್ದದ್ದು ಗಡಿಯಾಚೆ, ಸಿರಿಯಾದ ಹೋಮ್ಸ್ ನಗರದಲ್ಲಿ. ಇಬ್ಬರೂ ಸ್ಕೈಪ್ ಮೂಲಕ ಒಂದೇ ನಾಟಕ ಆಡಿದರು. ಸುರಕ್ಷತೆಗಾಗಿ ಹೋಮ್ಸ್‌ನ ಮಕ್ಕಳು ಮುಖ ಮರೆಸಿಕೊಂಡಿದ್ದರು. ಕೊನೆಯಲ್ಲಿ ಈ ಪ್ರೇಮಿಗಳು ವಿಷ ಕುಡಿಯಲಿಲ್ಲ. ಸಾವು ಸಾಕು, ನಾವು ಬದುಕಬೇಕು ಎಂದು ಕಥೆಯನ್ನೇ ಬದಲಿಸಿದರು.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ಕೆಲವರು ಇದನ್ನು ಹೀಗಳೆಯಬಹುದು. ನಾನು ಒಪ್ಪುವುದಿಲ್ಲ. ಶಿಬಿರದಲ್ಲಿ ಮಗುವಿನ ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ: ಯಾವ ಡೇರೆ, ಎಷ್ಟು ನೀರು, ಯಾವಾಗ ಊರಿಗೆ ವಾಪಸ್ಸು. ನಡೆಯಲಾಗದ ಮಗುವಿಗೆ ಡೇರೆಯಿಂದ ಹೊರಗೆ ಬರಲೂ ಇನ್ನೊಬ್ಬರು ಬೇಕು. ರಂಗದ ಮೇಲೆ ಮಾತ್ರ ಉಳಿದವರು ಆ ಮಗುವಿನ ಮಾತಿಗಾಗಿ ಕಾಯುತ್ತಾರೆ. ಅದು ಮಾತಾಡದೆ ನಾಟಕ ಮುಂದೆ ಹೋಗುವುದಿಲ್ಲ. ‘ನಾನೂ ಬೇಕಾದವನು’ ಎಂಬ ಭಾವನೆ ಯಾವ ಪರಿಹಾರ ಕಿಟ್‌ನಲ್ಲೂ ಬರುವುದಿಲ್ಲ.

ಆದರೆ ವ್ಹೀಲ್‌ಚೇರ್‌ನಲ್ಲಿರುವ ಮಗುವನ್ನು ಮೂಲೆಯಲ್ಲಿ ಕೂರಿಸಿ ಪ್ರೇಕ್ಷಕರನ್ನು ಅಳಿಸಿದರೆ ಅದು ಎಲ್ಲರನ್ನೂ ಒಳಗೊಂಡ ರಂಗಭೂಮಿ ಆಗುವುದಿಲ್ಲ. ಮಕ್ಕಳಿಗೆ ತಕ್ಕಂತೆ ನಾಟಕ ಬದಲಾಗಬೇಕು. ಕಿವಿ ಕೇಳದ ಮಗುವಿದ್ದರೆ ಸಂಭಾಷಣೆಯ ಜೊತೆ ಸನ್ನೆ ಭಾಷೆ ಇರಲಿ. ಕಣ್ಣು ಕಾಣದ ಮಗು ತಾಲೀಮಿಗೆ ಮೊದಲೇ ವೇದಿಕೆಯನ್ನು ಮುಟ್ಟಿ, ಹೆಜ್ಜೆ ಎಣಿಸಿ ತಿಳಿದುಕೊಳ್ಳಲಿ. ಪರದೆಗಿಂತ ಮೊದಲು ರ‍್ಯಾಂಪ್ ಸಿದ್ಧವಾಗಲಿ. ಇದು ಯಾರದೋ ದೊಡ್ಡ ಮನಸ್ಸಿನ ಪ್ರಶ್ನೆಯೂ ಅಲ್ಲ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೇ ವಿಧಿ, ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವುದು ಅವರ ಹಕ್ಕು ಎನ್ನುತ್ತದೆ. 2007ರಲ್ಲಿ ಭಾರತವೂ ಅದನ್ನು ಒಪ್ಪಿದೆ.

ದೂರದ ಈ ಮಕ್ಕಳಿಗಾಗಿ ನಾವು ದುಆ ಮಾಡುತ್ತೇವೆ, ಕೈಲಾದಷ್ಟು ಸದಕಾ ಕೊಡುತ್ತೇವೆ. ಅದು ಮುಂದುವರಿಯಲಿ. ಜೊತೆಗೆ ಅವರಿಂದ ಕಲಿಯುವುದೂ ಇದೆ. ನಾವು ಸಾಮಾನ್ಯವಾಗಿ ನಾಟಕ ಆರಿಸಿ ಆಮೇಲೆ ನಟರನ್ನು ಹುಡುಕುತ್ತೇವೆ. ಮುಂದಿನ ವಾರ್ಷಿಕೋತ್ಸವಕ್ಕೆ ಅದನ್ನು ತಿರುವುಮುರುವು ಮಾಡೋಣ. ಮೊದಲು ನಮ್ಮ ನಡುವೆ ಯಾರೆಲ್ಲ ಇದ್ದಾರೆ ನೋಡಿ, ಅವರೆಲ್ಲರಿಗೂ ಪಾತ್ರವಿರುವ ನಾಟಕವನ್ನು ನಾವೇ ಕಟ್ಟೋಣ. ನಾಟಕ ತಂಡದ ಗೆಳೆಯರೂ ಉಪನ್ಯಾಸಕರೂ ಇದನ್ನು ಯೋಚಿಸಬೇಕೆಂದು ಕೋರುತ್ತೇನೆ.